ದನದ ಡಾಕ್ಟ್ರಮ್ಮ ಮನೆ ನೋಡಲು ಹೋದದ್ದು

ಫೋನಿನಲ್ಲಿ ಪರಿಚಯವಾದ ಗಂಡು ಸಾಚಾನೋ ಡೋಂಗಿಯೋ ಎಂದು ಕೇಳಲು ಈಗ ಮಳವಳ್ಳಿಯ ನಮ್ಮ ಬೀದಿಯ ಹುಡುಗಿಯರು ನನ್ನ ನಾದಿನಿ ಶೋಭಿತಾಳ ಹತ್ತಿರ ಬರುತ್ತಾರೆ. ಭಾನುವಾರ ಬಂತೆಂದರೆ ನಮ್ಮ ಜಗಲಿಯೇ ಆಸ್ಪತ್ರೆ. ಅವಳು ಅವರ ಫೋನು ಮುಟ್ಟುವುದಿಲ್ಲ, ಉಳಿಸಿಕೊಂಡು ಬಂದ ಮೆಸೇಜುಗಳನ್ನು ಓದುವುದೂ ಇಲ್ಲ. ‘ಅವನ ಮನೆಯೋರನ್ನ ನೀನು ಕಣ್ಣಾರೆ ನೋಡಿದ್ದೀಯಾ?’ ಎಂದು ಒಂದೇ ಪ್ರಶ್ನೆ ಕೇಳುತ್ತಾಳೆ. ಆ ಪ್ರಶ್ನೆ ಅವಳಿಗೆ ಪುಕ್ಕಟೆ ಸಿಕ್ಕಿದ್ದಲ್ಲ. ಅದರ ಕತೆಯನ್ನು ಅವಳ ಅತ್ತಿಗೆಯಾದ ನಾನು, ವನಜಾ, ಹೇಳುವುದೇ ಸರಿ. ಅವಳಿಗೆ ಬಿಟ್ಟರೆ ಎರಡು ಮಾತಿನಲ್ಲಿ ಮುಗಿಸಿ ಎದ್ದು ಹೋಗುತ್ತಾಳೆ.

ಶೋಭಿತಾ ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರು. ಸುತ್ತಲ ಹಳ್ಳಿಗಳಿಗೆ ದನದ ಡಾಕ್ಟ್ರಮ್ಮ. ಅವಳದೊಂದು ಕೆಟ್ಟ ಹಟವಿದೆ, ಫೋನಿನಲ್ಲಿ ಔಷಧಿ ಹೇಳುವುದಿಲ್ಲ. ಹಸು ಮೇವು ಮುಟ್ಟುತ್ತಿಲ್ಲ, ಜ್ವರ ಇರಬೇಕು, ಒಂದು ಮಾತ್ರೆ ಹೇಳಿ ಸಾಕು ಎಂದು ಗೌಡರು ಅಂಗಲಾಚಿದರೂ ಸ್ಕೂಟರ್ ಹತ್ತಿ ಹೊರಟೇಬಿಡುತ್ತಾಳೆ. ಹಸುವಿಗೆ ಬಾಯಿಲ್ಲ, ಅದರ ಪರವಾಗಿ ಒಡೆಯ ಆಡುವುದು ಒಡೆಯನ ಮಾತು, ಹಸುವಿನದಲ್ಲ ಎನ್ನುತ್ತಾಳೆ. ಹಬ್ಬದ ದಿನ ಒಬ್ಬಟ್ಟು ತಟ್ಟುವುದನ್ನು ನನ್ನ ತಲೆಗೆ ಕಟ್ಟಿ ಹೀಗೆ ಎದ್ದುಹೋದಾಗ ನಾನು ಬಾಯಿಗೆ ಬಂದದ್ದೆಲ್ಲ ಬೈದಿದ್ದೇನೆ.

ಇಂಥವಳು ಆ್ಯಪಿನಲ್ಲಿ ಒಬ್ಬನನ್ನು ಮೆಚ್ಚಿದಳು. ಹೆಸರು ಪುನೀತ್. ಮದ್ದೂರಿನಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ, ಮನೆ ಪಕ್ಕದ ವೈದ್ಯನಾಥಪುರದಲ್ಲಿ. ಮೊದಲು ಸುದ್ದಿ ಮುಟ್ಟಿದ್ದು ನನಗೆ, ನಾನು ಸುಮ್ಮನೆ ಬಿಡುವ ಪೈಕಿಯೇ? ಫೋಟೋದ ಮುಖವೂ ಅವನ ಮುಖವೂ ಒಂದೇ ಹೌದೋ ಅಲ್ಲವೋ ಎಂದು ವಿಡಿಯೋ ಕಾಲ್ ಮಾಡಿಸಿದೆ. ಬೀಜ ಕೊಳ್ಳುವವಳ ಹಾಗೆ ಅಂಗಡಿಗೆ ಹೋಗಿ ಬಂದೆ. ಹೆಂಡತಿ ಮಕ್ಕಳು ಇಲ್ಲವೆಂಬುದನ್ನೂ ಪಕ್ಕದ ಅಂಗಡಿಯಲ್ಲಿ ವಿಚಾರಿಸಿದೆ. ಅವನು ದುಡ್ಡು ಕೇಳಲಿಲ್ಲ, ಕೆಟ್ಟ ಫೋಟೋ ಕೇಳಲಿಲ್ಲ, ಕತ್ತಲಾದ ಮೇಲೆ ಎಲ್ಲಿಗೂ ಕರೆಯಲಿಲ್ಲ. ಎಲ್ಲದರಲ್ಲೂ ಪಾಸಾದ. ಇಬ್ಬರೂ ಮುತ್ತತ್ತಿಗೆ ಹೋಗಿ ಹೊಳೆ ದಂಡೆಯಲ್ಲಿ ಬುತ್ತಿ ಬಿಚ್ಚಿ ಬಂದ ದಿನ ಶೋಭಿತಾಳ ಮುಖದಲ್ಲಿದ್ದ ಬೆಳಕನ್ನು ನೋಡಿ ನನಗೂ ಖುಷಿಯಾಯಿತು, ಅದನ್ನು ಯಾಕೆ ಮುಚ್ಚಿಡಲಿ.

ನಮ್ಮದು ಬೌದ್ಧರ ಮನೆ. ನನ್ನ ಮದುವೆಯೂ ಬುದ್ಧನ ಮುಂದೆಯೇ ಆದದ್ದು. ಪುನೀತ್ ಜಮೀನುಳ್ಳ ಗೌಡರ ಮನೆಯವನು. ಅದು ಸಣ್ಣ ವಿಷಯವಲ್ಲವೆಂದು ನಮಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಮಾವ ಚಿಕ್ಕಮಾದು ಮಾತ್ರ ಒಂದೇ ಮಾತು ಹೇಳಿದರು, ಹುಡುಗ ಮನೆಗೆ ಬಂದು ಎದುರು ಕೂತು ಕೇಳಲಿ, ಕೊಡುತ್ತೇನೆ ಎಂದು. ಹುಡುಗ ಬರಲಿಲ್ಲ.

ಬರಲಾಗದ್ದಕ್ಕೆ ಕಾರಣ ಪ್ರತಿ ಸಲವೂ ಅವನ ತಾಯಿ. ಅವ್ವ ಕೇಳಿದರೆ ಎದೆ ಒಡೆದುಕೊಳ್ಳುತ್ತಾಳೆ. ಅವ್ವ ಅಳುತ್ತಿದ್ದಾಳೆ, ಊಟ ಬಿಟ್ಟಿದ್ದಾಳೆ. ಹೋದ ಯುಗಾದಿಯಲ್ಲಿ ಸೂಕ್ಷ್ಮವಾಗಿ ವಿಷಯ ತೆಗೆದದ್ದಕ್ಕೇ ಅವ್ವನನ್ನು ಮಂಡ್ಯದ ಆಸ್ಪತ್ರೆಗೆ ಸೇರಿಸಬೇಕಾಯಿತು. ಆ ಕಾಣದ ಹೆಂಗಸಿಗಾಗಿ ಶೋಭಿತಾ ಮರುಗಿದಳು. ಒಂದು ಸಲ ಬುಟ್ಟಿ ತುಂಬ ಹಣ್ಣು ಕಳಿಸಿದಳು. ಹೀಗೇ ಎರಡು ವರ್ಷ ಹೋಯಿತು. ಈ ಮಾಗಿಯಲ್ಲಿ ಅವನು ಇನ್ನೂ ಒಂದು ವರ್ಷ ಕಾಯಬೇಕೆಂದು ಕೇಳಿದ. ಅವಳಿಗೆ ಮೂವತ್ತೆರಡು. ಕಾಯುವುದೋ ಬಿಡುವುದೋ, ಎರಡರಲ್ಲಿ ಒಂದನ್ನು ಆರಿಸಲೇಬೇಕಿತ್ತು. ಬಿಡಲು ಮನಸ್ಸೇ ಇಲ್ಲ, ಅಷ್ಟು ಹಚ್ಚಿಕೊಂಡಿದ್ದಳು.

ಒಂದು ಸೋಮವಾರ ರಜಾ ಹಾಕಿ, ಸೀರೆಯುಟ್ಟು ನನ್ನ ಮುಂದೆ ನಿಂತಳು.

‘ಅತ್ತಿಗೆ, ನಮ್ ಕಡೆ ಹೆಣ್ಣಿನೋರು ಗಂಡಿನ ಮನೆ ನೋಡಕ್ ಓಗಕಿಲ್ವಾ? ನಡೀರಿ, ಓಗವ.’

ಗಂಡಿನ ಮನೆ ನೋಡಲು ಹಿರಿಯರು ಹೋಗುತ್ತಾರೆ, ಅದೂ ಹೇಳಿಕಳಿಸಿ, ಎಂದೆ. ನೀವು ಹಿರಿಯರಲ್ಲವಾ ಎಂದಳು. ವಯಸ್ಸಿನ ವಿಷಯಕ್ಕೆ ಅವಳು ಕೈ ಹಾಕಿದರೆ ನಾನು ಸೋಲುತ್ತೇನೆ. ಬಸ್ಸಿನಲ್ಲಿ ಮದ್ದೂರಿಗೆ ಬಂದು ಅಲ್ಲಿಂದ ಆಟೋ ಹಿಡಿದೆವು. ಸೋಮವಾರ ವೈದ್ಯನಾಥೇಶ್ವರನಿಗೆ ಪರಸ್ಥಳದವರು ಬರುವುದು ಇದ್ದದ್ದೇ ಆದ್ದರಿಂದ ನಮ್ಮನ್ನು ಯಾರೂ ತಿರುಗಿ ನೋಡಲಿಲ್ಲ. ಗೊಬ್ಬರದಂಗಡಿಯವರ ಮನೆ ಎಂದು ಕೇಳಿದ್ದಕ್ಕೆ ಬೀದಿಯ ಕೊನೆಗೆ ಕೈ ತೋರಿಸಿದರು.

ಜಗಲಿಯ ಮೇಲೆ ಗುಂಡುಗುಂಡಾದ ಹೆಂಗಸೊಬ್ಬರು ಅವರೆಕಾಯಿ ಗುಡ್ಡೆ ಹಾಕಿಕೊಂಡು ಸುಲಿಯುತ್ತಿದ್ದರು. ಅವರೇ ಸಣ್ಣತಾಯಮ್ಮ, ಪುನೀತನ ತಾಯಿ. ಎದೆ ಒಡೆದುಕೊಳ್ಳುವ ಲಕ್ಷಣ ನನಗಂತೂ ಕಾಣಲಿಲ್ಲ. ನಾವು ಪುನೀತನ ಪರಿಚಯದವರು, ಮಳವಳ್ಳಿಯವರು ಎಂದದ್ದೇ ಚಾಪೆ ಹಾಸಿ ನೀರು ಕೊಟ್ಟರು. ಕೂತವರು ಸುಮ್ಮನೆ ಕೂರಲಾಗುತ್ತದೆಯೇ, ನಾವೂ ಕಾಯಿಗೆ ಕೈ ಹಾಕಿದೆವು. ಮಳೆ, ಬೆಳೆ, ಅವರೆಯ ಸೊಗಡು ಎಲ್ಲ ಮುಗಿದ ಮೇಲೆ ಮಾತು ಮಗನ ಮದುವೆಗೆ ಬಂತು. ಯಾರನ್ನಾದರೂ ನೋಡಿಕೊಂಡಿದ್ದರೆ ಹೇಳು ಎಂದು ಕೇಳಿ ಕೇಳಿ ಸಾಕಾಯಿತು, ಅವನು ಬಾಯಿಯೇ ಬಿಡುವುದಿಲ್ಲ ಎಂದು ಆಕೆ ನನ್ನ ಮುಂದೆ ದೂರು ಹೇಳಿಕೊಂಡರು. ಶೋಭಿತಾಳ ಕಡೆ ನೋಡಿದೆ. ಅವಳು ತಲೆ ಎತ್ತದೆ ಕಾಯಿ ಸುಲಿಯುತ್ತಿದ್ದಳು.

ಅಷ್ಟರಲ್ಲಿ ಬೈಕು ಬಂತು. ಪುನೀತ್ ನಮ್ಮನ್ನು ನೋಡಿದ. ಮುಖ ಬಿಳುಚಿಕೊಂಡಿತು, ಆದರೆ ನಾಲಗೆ ತಡವರಿಸಲಿಲ್ಲ.

‘ಪಶು ಆಸ್ಪತ್ರೆಯೋರು ಕಣವ್ವ. ಅಸ ನೋಡಕ್ ಬಂದವ್ರೆ.’

‘ನಮ್ಮಸೀಗೆ ಏನಾಗದೆ ಅಂತ?’ ಎಂದು ಸಣ್ಣತಾಯಮ್ಮ ಕೊಟ್ಟಿಗೆಯ ಕಡೆ ನೋಡಿದರು. ಹಸು ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು.

ನನಗೆ ಮೈಯೆಲ್ಲ ಉರಿಯಿತು. ಎದ್ದು ಅವನ ಕೊರಳಪಟ್ಟಿ ಹಿಡಿಯುವವಳೇ ಇದ್ದೆ. ಶೋಭಿತಾ ನನ್ನ ಸೆರಗು ಜಗ್ಗಿ ಕೂರಿಸಿದಳು. ಮಡಿಲಲ್ಲಿದ್ದ ಕಾಳನ್ನು ಮೊರಕ್ಕೆ ಸುರಿದು ಆ ತಾಯಿಯ ಕಡೆ ತಿರುಗಿದಳು. ದನಿ ಏರಲಿಲ್ಲ.

‘ನಾನು ಅಸ ನೋಡಕ್ ಬರ್ಲಿಲ್ಲ ಕಣಮ್ಮ, ಮನೆ ನೋಡಕ್ ಬಂದೆ. ನಾವಿಬ್ರೂ ಮದ್ವೆ ಆಗವ ಅಂತ ಎರಡು ವರ್ಷದಿಂದ ಮಾತಾಡ್ಕಂಡಿದ್ದೀವಿ. ನಾವು ಬೌದ್ಧರು. ನೀವು ಬ್ಯಾಡ ಅಂದ್ರಿ ಅಂತ ಇವ್ರು ಯೋಳುದ್ರು. ನಿಮ್ ಬಾಯಲ್ಲೇ ಕೇಳ್ಕಂಡು ಓಗವ ಅಂತ ಬಂದೆ.’

ಸಣ್ಣತಾಯಮ್ಮನ ಕೈ ನಿಂತಿತು. ಆಕೆ ನಮ್ಮಿಬ್ಬರನ್ನೂ ಒಂದು ಸಲ ನೋಡಿ, ಮಗನ ಮೇಲೆ ಕಣ್ಣಿಟ್ಟರು.

‘ಒಪ್ತಿದ್ನೋ ಬುಡ್ತಿದ್ನೋ ಅದು ಬ್ಯಾರೆ ಮಾತು ಕಣ್ಲಾ. ನೀನು ಕೇಳ್ದೇ ಇರೋ ಮಾತ್ಗೆ ನಾನು ಎಂಗ್ಲಾ ಬ್ಯಾಡ ಅಂದೆ?’

ಅವನು ನೆಲ ನೋಡಿದ. ಅಂಗಡಿಗೆ ಲೋಡು ಬಂದಿದೆ, ಎಲ್ಲಾ ಆಮೇಲೆ ಹೇಳುತ್ತೇನೆ ಎಂದು ಗೊಣಗಿ, ಬೈಕು ತಿರುಗಿಸಿಕೊಂಡು ಹೋಗಿಯೇಬಿಟ್ಟ. ಶೋಭಿತಾಳ ಕಡೆ ಒಂದು ಸಲವೂ ನೋಡಲಿಲ್ಲ.

ಆಮೇಲೆ ಮೂವರೂ ಮತ್ತೆ ಕಾಯಿಗೆ ಕೈ ಹಾಕಿದೆವು. ಆಕೆ ಒಳಗೆ ಬಾ ಎನ್ನಲಿಲ್ಲ, ಎದ್ದು ಹೋಗು ಎಂದೂ ಅನ್ನಲಿಲ್ಲ. ಕೊನೆಗೆ ಒಂದು ಚೀಲದ ತುಂಬ ಅವರೆಕಾಯಿ ತುಂಬಿ ನನ್ನ ಕೈಗಿಟ್ಟು, ಬಸ್ಸಿನ ಹೊತ್ತಾಯಿತು ಎಂದು ತಾವೂ ಚಪ್ಪಲಿ ಮೆಟ್ಟಿದರು. ಬಂದವರು ಹಿಡಿಸಲಿ ಬಿಡಲಿ, ಬಸ್ಸು ಹತ್ತಿಸದೆ ಹಿಂದಿರುಗುವುದು ನಮ್ಮ ಕಡೆಯ ಹೆಂಗಸರ ಕೈಲಾಗದು.

ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಆಕೆ ಶೋಭಿತಾಳ ಪಕ್ಕ ಕೂತು ಎಲೆ ಅಡಿಕೆ ತೆಗೆದರು.

‘ನಿಮ್ ಜನ ನಮ್ ಜನ ಅಂತ ನಂಗೂ ಇರ್ತದೆ ಕಣವ್ವ, ಸುಳ್ಳು ಯಾಕ್ ಯೋಳ್ಲಿ. ನೀವ್ ಬಂದ್ ಕೇಳಿದ್ರೆ ಜಗಳ ಆಡ್ತಿದ್ದೆ. ಆಮೇಕೆ ಏನಾಯ್ತಿತ್ತೋ ಕಾಣೆ.’

ಜಗಳ ಆಡಿದ್ದರೆ ನನಗೂ ಒಂದು ಸಮಾಧಾನ ಇರುತ್ತಿತ್ತು ಎಂದಳು ಶೋಭಿತಾ. ಅವಳ ಕಣ್ಣು ತುಂಬಿದ್ದನ್ನು ಆ ದಿನ ನೋಡಿದ್ದು ಅದೊಂದೇ ಸಲ.

ಆಗ ಅವಳ ಫೋನು ಸದ್ದು ಮಾಡಿತು. ಪುನೀತನ ಮೆಸೇಜು. ತನ್ನಷ್ಟಕ್ಕೆ ಓದಿಕೊಂಡಳು. ಮತ್ತೊಮ್ಮೆ ಓದಿದಳು. ಆಮೇಲೆ ಪಕ್ಕದವರಿಗೆ ಕೇಳುವಂತೆ, ಒಂದಕ್ಷರ ಬಿಡದೆ ಓದಿದಳು.

‘ಯಾಕೆ ಹಿಂಗೆ ಮಾಡಿದೆ ಶೋಭಿ? ಅವ್ವ ರೂಮಿನ ಬಾಗಿಲು ಹಾಕೊಂಡು ಅಳ್ತಾ ಇದಾಳೆ. ಊಟ ಬೇಡ ಅಂತಿದಾಳೆ, ಬಿಪಿ ಏರಿದೆ. ನಾನು ಬಾಗಿಲಲ್ಲೇ ನಿಂತಿದ್ದೀನಿ. ಒಂದು ವರ್ಷ ತಡ್ಕೊ, ನಾನು ಸರಿ ಮಾಡ್ತೀನಿ.’

ಹೆತ್ತ ತಾಯಿ ಬಂದವರನ್ನು ಬಸ್ಸು ಹತ್ತಿಸಲು ಹೋಗುತ್ತಾಳೆಂಬುದು ಅಂಗಡಿಯಲ್ಲಿ ಕೂತವನಿಗೆ ಹೊಳೆದೇ ಇರಲಿಲ್ಲ.

ಸಣ್ಣತಾಯಮ್ಮ ಎಲೆಗೆ ಸುಣ್ಣ ಸವರುತ್ತಿದ್ದವರು ಹಾಗೇ ನಿಲ್ಲಿಸಿದರು.

‘ಇಲ್ಲೀಗಂಟ ಎಷ್ಟು ಸತಿ ಅತ್ತಿದ್ದೀನಂತೆ ನಾನು?’

‘ತುಂಬಾ ಸತಿ ಕಣಮ್ಮ. ಓದ ಯುಗಾದೀಲಿ ಆಸ್ಪತ್ರೆಗೂ ಸೇರಿದ್ರಿ.’

ಯುಗಾದಿಯಲ್ಲಿ ತವರಿಗೆ ಹೋಗಿದ್ದೆನೆಂದು ಆಕೆ ಮೆಲ್ಲಗೆ ಅಂದರು. ಹಣ್ಣಿನ ಬುಟ್ಟಿಯನ್ನು ಯಾರೋ ಗಿರಾಕಿ ಕೊಟ್ಟದ್ದೆಂದು ಮಗ ಹೇಳಿದ್ದನಂತೆ. ಮಗನನ್ನು ಬೈಯಲು ತೆರೆದ ಬಾಯನ್ನು ಸೆರಗಿನಿಂದ ಒರೆಸಿಕೊಂಡರು. ನನಗೆ ಆ ಹೊತ್ತು ಆಕೆಯ ಮೇಲೆ ಬಂದ ಕನಿಕರ ನನ್ನ ನಾದಿನಿಯ ಮೇಲೂ ಬರಲಿಲ್ಲ. ನಾದಿನಿ ಬಿಟ್ಟು ಬರಬಹುದು, ತಾಯಿ ಎಲ್ಲಿಗೆ ಹೋಗಬೇಕು?

ಶೋಭಿತಾ ಉತ್ತರ ಬರೆದಳು. ಏನು ಬರೆದೆ ಎಂದು ಸಣ್ಣತಾಯಮ್ಮ ಕೇಳಿದ್ದಕ್ಕೆ ಅದನ್ನೂ ಓದಿ ಹೇಳಿದಳು.

‘ನಿಮ್ಮವ್ವ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಕೂತಿದ್ದಾರೆ. ಅಳುತ್ತಿಲ್ಲ. ನಾನೂ ಇನ್ನು ಕಾಯುವುದಿಲ್ಲ.’

‘ಸರ್ಯಾಗ್ ಬರ್ದೆ, ಕಳ್ಸು’ ಎಂದು ಸಣ್ಣತಾಯಮ್ಮ ಎದ್ದರು. ದೂರದಲ್ಲಿ ಬಸ್ಸು ಬರುತ್ತಿತ್ತು. ಅದು ನಿಲ್ಲದೆ ಹೋದೀತೆಂದು ಆಕೆಯೇ ರಸ್ತೆಗಿಳಿದು, ಕೈ ಅಡ್ಡ ಹಿಡಿದು ನಿಂತರು.