ಎರಡು ಜೀವಕ್ಕೆ ಎರಡು ಕೈ

ನಿನ್ನೆ ಮನೆಯ ಫರಸಿ ಕಲ್ಲು ಒರೆಸುವಾಗ ಫಿನಾಯಿಲ್ ವಾಸನೆ ಎದ್ದು ನರ್ಸಬಾಯಿ ನೆನಪಾದರು. ಅವರ ದವಾಖಾನೆಯ ವಾಸನೆ ಇದೇ ಎಂದು ಆಣೆ ಮಾಡಲಾರೆ. ನನ್ನ ನೆನಪು ಬೇಕಾದದ್ದನ್ನು ಎಲ್ಲಿಂದಲೋ ತಂದು ಅಂಟಿಸಿಕೊಳ್ಳುತ್ತದೆ.

ಕೊಡ್ಲಿ ಹತ್ತಿರದ ನಮ್ಮೂರಿನ ಸಣ್ಣ ದವಾಖಾನೆಗೆ ಅವರೊಬ್ಬರೇ ನರ್ಸು. ಆ ವರ್ಷ ಪಂಚಾಯಿತಿ ಅಲ್ಲಿ ಒಂದೇ ಕೋಣೆ ಕಟ್ಟಿಸಬಹುದಿತ್ತು. ಮುದುಕರ ಬಿಪಿ, ಸಕ್ಕರೆ ನೋಡುವ ಕೋಣೆಯೋ, ಹೆರಿಗೆ ಕೋಣೆಯೋ? ನಾನಾಗ ನಾಲ್ಕು ತಿಂಗಳ ಬಸುರಿ. ಹಿಂದಿನ ಮಳೆಗಾಲದಲ್ಲಿ ಪಕ್ಕದ ಮನೆಯಾಕೆ ಚಿಂಚೋಳಿ ದಾರಿಯಲ್ಲಿ ಟಂಟಂ ಗಾಡಿಯೊಳಗೇ ಹೆತ್ತಿದ್ದಳು, ಕೂಸು ಉಳಿಯಲಿಲ್ಲ. ಆ ರಸ್ತೆಯ ತಗ್ಗುಗಳು ನನ್ನ ಕನಸಿನಲ್ಲಿ ಬರುತ್ತಿದ್ದವು.

ಗ್ರಾಮಸಭೆಯಲ್ಲಿ ಮುದುಕರೇ ಹೆಚ್ಚು. ಅವರ ಮುಂದಾಳು ನನ್ನ ಗಂಡನ ಅಜ್ಜ, ನಮಗೆಲ್ಲ ಮುತ್ಯಾ; ಊರ ಮಠದ ಊಟದಲ್ಲಿ ಬಡಿಸುವವರೂ ಅವರೇ. ಕೈ ಎಣಿಸುವ ಹೊತ್ತಿಗೆ ನರ್ಸಬಾಯಿ ಎದ್ದು ಕೇಳಿದರು:

“ಮುತ್ಯಾ, ಮಠದಾಗ ಬಸುರಿಗಿ ಎಷ್ಟು ಹೋಳಿಗಿ ಬಡಸ್ತೀರಿ?”

“ಎರಡ್ ಜೀವದಾಕಿ. ಎರಡು ಪಾಲು.”

“ಉಣ್ಲಿಕ್ಕ ಎರಡು, ಕೈ ಎತ್ಲಿಕ್ಕ ಒಂದೇನ್ರಿ?”

ಸಭೆ ನಕ್ಕಿತು. “ಹುಟ್ಟದ ಕೂಸಿನ ಲೆಕ್ಕ ಹಿಡೀತಿ, ನಾವೇನು ಸತ್ತೀವೇನು?” ಎಂದರು ಮುತ್ಯಾ.

“ನಿಮ್ಮ ಬಿಪಿ ಮನಿಗೇ ಬಂದು ನೋಡ್ತೀನ್ರಿ. ಹೆರಿಗಿ ಕೋಣಿ ಹೊತ್ತು ತಿರಗಲಿಕ್ಕ ಬರ್ತದೇನು?”

ಬಸುರಿಯರು ಐವರಿದ್ದೆವು… ಆರೇನೋ. ಮುತ್ಯಾನ ಎದುರಿಗೇ ನಾನು ಎರಡೂ ಕೈ ಎತ್ತಿದೆ. ಒಂದನ್ನಷ್ಟೇ ಎತ್ತಿದ್ದೆ, ಇನ್ನೊಂದನ್ನು ನರ್ಸಬಾಯಿ ಹಿಡಿದೆತ್ತಿದರು ಎಂದು ಗಂಡನ ವಾದ. ಇರಬಹುದು. ಅಂತೂ ಎಣಿಸುವವರು ನಗುತ್ತಲೇ ಬಸುರಿಯರ ಎರಡೂ ಕೈ ಲೆಕ್ಕಕ್ಕೆ ಹಿಡಿದರು; ಮೂರು ಕೈ ಹೆಚ್ಚಾಗಿ ಕೋಣೆ ನಮ್ಮದಾಯಿತು. “ನಮ್ಮನಿ ಸೊಸಿ ನನ್ನ ಮ್ಯಾಲ ಎರಡೂ ಕೈ ಎತ್ತಿದಳು!” ಎಂದು ಮುತ್ಯಾ ಊರಿಗೆಲ್ಲ ಹೇಳಿದರು, ಸಿಟ್ಟಿಗಿಂತ ಹೆಮ್ಮೆಯಲ್ಲೇ.

ನರ್ಸಬಾಯಿ ಮಾತು ತಪ್ಪಲಿಲ್ಲ. ಪ್ರತಿ ಗುರುವಾರ ಬಿಸಿಲಲ್ಲಿ ಮನೆಮನೆಗೆ ನಡೆದು ಮುದುಕರ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ನಮ್ಮ ಕೋಣೆಯ ಬೆಲೆಯನ್ನು ಅವರ ಮೊಣಕಾಲುಗಳು ತೆತ್ತವು.

“ಯಾಕ ಕುಂಟಲಿಕತ್ತೀದಿ? ನಿನ್ನ ಕಾಲು ಯಾರು ನೋಡಬೇಕು?” ಎಂದು ಮುತ್ಯಾ ಗದರುತ್ತಿದ್ದರು.

“ಸುಮ್ಮ ಕುಂದ್ರಿ, ಭಾಳ ಮಾತಾಡಿದ್ರ ಬಿಪಿ ಏರ್ತದ.”

ಆ ಕೋಣೆಯಲ್ಲಿ ನರ್ಸಬಾಯಿ ಕೈಯಲ್ಲೇ ಹುಟ್ಟಿದ ನನ್ನ ಮಗಳಿಗೆ ಎರಡು ವರ್ಷ ತುಂಬುವ ಮೊದಲೇ ಅವರಿಗೆ ನಾಲವಾರಕ್ಕೆ ವರ್ಗವಾಯಿತು. ಮತ್ತೆ ಹೋಗಿ ನೋಡಬೇಕೆಂದುಕೊಂಡೆ… ಹೋಗಲಿಲ್ಲ. ಕಳೆದ ತಿಂಗಳು ಅವರು ಅಲ್ಲೇ ತೀರಿಕೊಂಡರೆಂದು ತಿಳಿದು ಮಗಳೊಂದಿಗೆ ಓಡಿದೆ. ಹೂವಿಟ್ಟು ಅವಳು ನನ್ನ ಕಿವಿಯಲ್ಲಿ ಕೇಳಿದಳು, “ಅವ್ವಾ, ಇವರಿಗಿ ನಾ ಎಂದಾರ ನೋಡೀನೇನು?”

“ನೋಡಿದಿ,” ಎಂದೆ. “ನನಗಿಂತ ಮೊದಲ ಇವರಿಗೇ ನೋಡಿದಿ.”