ಮಾಹಿತಿದಾರೆ ನಾಲ್ಕು

ಸಂದರ್ಶನದಲ್ಲಿ ಎದುರಿನವರು ಮಾತು ನಿಲ್ಲಿಸಿದರೆ ನೀನೂ ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸು ಎಂದು ಕಲಿಸಿದವರು ನನ್ನ ಗೈಡ್. ಏಳಕ್ಕೋ ಎಂಟಕ್ಕೋ ಅವರಿಗೆ ತಡೆಯಲಾಗುವುದಿಲ್ಲ, ಹೇಳಬಾರದ್ದನ್ನು ಹೇಳಿಬಿಡುತ್ತಾರೆ. ಆಮೇಲೆ ಮೆತ್ತಗೆ ‘ಆಗ ನಿಮಗೆ ಏನನ್ನಿಸಿತು?’ ಅಂತ ಕೇಳಬೇಕು. ಉತ್ತರ ಬಂದ ಮೇಲೆ ‘ಸ್ವಲ್ಪ ಬಿಡಿಸಿ ಹೇಳಿ’ ಅನ್ನಬೇಕು. ಇದಕ್ಕೆ ಗುಣಾತ್ಮಕ ಸಂಶೋಧನೆ ಎಂದು ಹೆಸರು. ಶಿರಸಿ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತ ಹೆಂಗಸರು ಯಾವ ಪಿಎಚ್‌ಡಿಯೂ ಇಲ್ಲದೆ ಇದನ್ನೇ ಮಾಡುತ್ತಾರೆ. ಅವರ ಹತ್ತಿರ ರೆಕಾರ್ಡರ್ ಇರುವುದಿಲ್ಲ, ಅಷ್ಟೇ.

ನನ್ನದು ಮ್ಯಾನೇಜ್‌ಮೆಂಟ್ ವಿಭಾಗ. ಜೊತೆಯವರೆಲ್ಲ ಪ್ರಶ್ನಾವಳಿ ಹಂಚಿ, ಟಿಕ್ ಹಾಕಿಸಿಕೊಂಡು, ಕಂಪ್ಯೂಟರಿಗೆ ತುಂಬಿ ಕೈತೊಳೆದುಕೊಳ್ಳುತ್ತಿದ್ದರು. ನನಗೆ ಅವರನ್ನು ಕಂಡರೆ ತಾತ್ಸಾರ. ನಾನು ಜನರ ನಡುವೆ ತಿಂಗಳುಗಟ್ಟಲೆ ಕೂತು, ಅವರು ತಮಗೇ ಗೊತ್ತಿಲ್ಲದೆ ಮಾಡುವುದನ್ನು ಬರೆಯುವವಳು ಎಂಬ ಜಂಬ ತಲೆಗೇರಿತ್ತು. ಎಲ್ಲೂ ಬರೆದಿಡದ ತಿಳಿವಳಿಕೆಯ ಮೇಲೆ ಒಂದು ಸಣ್ಣ ಉದ್ಯಮ ಹೇಗೆ ನಡೆಯುತ್ತದೆ ಎಂಬುದು ನನ್ನ ವಿಷಯ. ಅದಕ್ಕಾಗಿ ಕಾನಸೂರಿನಿಂದ ಸ್ವಲ್ಪ ಒಳಗಿದ್ದ ಒಂದು ಉಪ್ಪಿನಕಾಯಿ ಘಟಕ ಹಿಡಿದೆ. ಅಪ್ಪೆಮಿಡಿ ಎಂಬ ಪರಿಮಳದ ಎಳೆ ಮಾವಿನಕಾಯಿ ಹಾಕುವವರು. ಒಬ್ಬರು ಯಜಮಾನರು, ಒಂಬತ್ತು ಜನ ಹೆಂಗಸರು.

ಮಿಡಿ ಉಪ್ಪಿಗೆ ಬೀಳುವ ಮೊದಲು ಅದರ ಪರಿಮಳ ನೋಡಬೇಕು. ಒಂದೊಂದು ಮರದ ಮಿಡಿ ಒಂದೊಂದು ಬುಟ್ಟಿಯಲ್ಲಿ ಬರುತ್ತದೆ. ಬುಟ್ಟಿಯಿಂದ ಎರಡೋ ಮೂರೋ ಮಿಡಿ ಎತ್ತಿ, ತೊಟ್ಟು ಮುರಿದು, ಚಿಮ್ಮಿದ ಸೊನೆಯ ವಾಸನೆ ಹಿಡಿಯಬೇಕು. ಜೀರಿಗೆಯ ಘಮ ಬಂದರೆ ಬುಟ್ಟಿ ಒಳ್ಳೆಯ ಪೀಪಾಯಿಗೆ, ಬರದಿದ್ದರೆ ಕಾಟು ಮಿಡಿ ಎಂದು ಪಕ್ಕಕ್ಕೆ. ಈ ಕೆಲಸ ಮಾಡುವವಳು ಒಬ್ಬಳೇ. ಐವತ್ತು ದಾಟಿದ ಹೆಂಗಸು, ಸಿದ್ದಾಪುರದ ಹತ್ತಿರ ಕೋಲಸಿರ್ಸಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಎಲ್ಲರೂ ಅಕ್ಕ ಅನ್ನುತ್ತಿದ್ದರು, ನಾನೂ ಅಂದೆ. ಕಿಟಕಿಯ ಪಕ್ಕದ ಮಣೆ ಅವಳದ್ದು, ಅದರ ಬಲಕ್ಕೆ ತಾಗಿದ ಮಣೆ ಬುಟ್ಟಿ ಸರಿಸಿಕೊಡುವ ಇನ್ನೊಬ್ಬಳದ್ದು. ಊರಿಂದಾಚೆಯ ಗಿರಾಕಿಗಳು ಬಂದರೆ ಯಜಮಾನರು ಸೀದಾ ಅವಳ ಮುಂದೆ ತಂದು ನಿಲ್ಲಿಸಿ, ‘ಮಷಿನ್ನು ಗಿಷಿನ್ನು ಎಂತದೂ ಇಲ್ಲ ಸ್ವಾಮಿ, ಎಲ್ಲ ಈ ಮೂಗು’ ಅನ್ನುತ್ತಿದ್ದರು. ಅವಳು ಒಂದು ಮಿಡಿಯ ತೊಟ್ಟು ಚಿವುಟಿ, ಕಣ್ಣು ಅರೆ ಮುಚ್ಚಿ, ‘ಜೀರಿಗೆ’ ಅನ್ನುವಳು. ಬಂದವರು ಫೋಟೋ ಹೊಡೆದುಕೊಂಡು ಹೋಗುವರು.

ಮೊದಲ ಎರಡು ತಿಂಗಳು ಅವಳು ನನ್ನನ್ನು ಮೇಡಮ್ ಅನ್ನುತ್ತಿದ್ದಳು. ನಾನು ಮಣೆ ಎಳೆದುಕೊಂಡು ಅವಳ ಇನ್ನೊಂದು ಪಕ್ಕದಲ್ಲಿ ಕೂತು, ಕೈಗೆಲ್ಲ ಸೊನೆ ಮಾಡಿಕೊಂಡು, ಸುಟ್ಟು ಬೊಬ್ಬೆ ಎದ್ದ ಮೇಲೆ ತಂಗಿ ಅನ್ನತೊಡಗಿದಳು. ಆ ಬೊಬ್ಬೆಗೆ ತೆಂಗಿನೆಣ್ಣೆ ಹಚ್ಚಿದವಳೂ ಅವಳೇ. ಆ ದಿನ ಮನೆಗೆ ಬಂದು ಡೈರಿಯಲ್ಲಿ ‘ನಂಬಿಕೆ ಗಳಿಸಲಾಗಿದೆ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಥೂ, ಎಂಥಾ ಜನ್ಮ!

ಸಂದರ್ಶನ ಮಾಡಿದ್ದು ಹಿಂದಿನ ಕಟ್ಟಿಗೆ ಕೊಟ್ಟಿಗೆಯಲ್ಲಿ, ಊಟದ ಬಿಡುವಿನಲ್ಲಿ. ವಾಸನೆ ಗುರುತಿಸುವುದು ಹೇಗೆ ಕಲಿತಿರಿ ಎಂದೆ. ಅವಳು ತನ್ನ ಅಮ್ಮನ ಸುದ್ದಿ ಹೇಳಿದಳು, ಹೊಳೆ ಬದಿಯ ಮರಗಳ ಸುದ್ದಿ ಹೇಳಿದಳು. ಆಮೇಲೆ ಸುಮ್ಮನಾದಳು. ನಾನು ಎಣಿಸಿದೆ. ಆರಕ್ಕೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಎಂಟಕ್ಕೆ ಬಾಯಿ ಬಿಟ್ಟಳು.

‘ತಂಗಿ, ನಂಗೆ ಎಂತ ವಾಸ್ನೆನೂ ಬರೂದಿಲ್ಲ. ಆ ಜ್ವರ ಬಂದು ಹೋತಲ, ಅದರ ಸಂಗ್ತಿಗೇ ಮೂಗೂ ಹೋತು. ಎರಡು ಸೀಸನ್ ಆತು.’

‘ಹಂಗಾದ್ರೆ ಆರಿಸೂದು?’

‘ಪಕ್ಕದಲ್ಲಿ ಕೂರ್ತಾಳಲ, ಅವಳ ಮೊಣಕಾಲು. ನಾ ತೊಟ್ಟು ಮುರಿದು ಅವಳ ಬದಿಗೆ ಹಿಡಿತೆ. ಒಂದು ಸರ್ತಿ ತಾಗ್ಸಿದ್ರೆ ಜೀರಿಗೆ, ಎರಡು ಸರ್ತಿ ತಾಗ್ಸಿದ್ರೆ ಕಾಟು. ಅವಳ ಮೂಗು ನಂದಕ್ಕಿಂತ ಚುರುಕು ಮಾರಾಯ್ತಿ. ಆದ್ರೆ ಅವಳು ಬಂದು ಮೂರು ವರ್ಷ ಆತಷ್ಟೆ, ಒಡೇರು ನಂಬೂದಿಲ್ಲ.’

ಆಗ ನಿಮಗೆ ಏನನ್ನಿಸಿತು ಎಂದು ಕೇಳಿದೆ. ಅವಳು ಅತ್ತುಬಿಟ್ಟಳು. ಬೆನ್ನು ಬಗ್ಗುವುದಿಲ್ಲ, ಗದ್ದೆ ಕೆಲಸಕ್ಕೆ ಯಾರೂ ಕರೆಯುವುದಿಲ್ಲ, ಈ ಮಣೆ ಹೋದರೆ ಮನೆಯಲ್ಲೂ ತನಗೆ ಬೆಲೆಯಿಲ್ಲ ಅಂದಳು. ಯಾರಿಗೂ ಹೇಳಬೇಡ ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ನಾನು ಒಪ್ಪಿಗೆ ಪತ್ರ ತೋರಿಸಿದೆ. ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ ಅಕ್ಕ, ನೀವು ‘ಮಾಹಿತಿದಾರೆ ನಾಲ್ಕು’ ಅಷ್ಟೇ ಎಂದೆ. ಅವಳು ಕಣ್ಣೊರೆಸಿಕೊಂಡು ನಕ್ಕಳು, ‘ನಂಬರ್ ಕೊಟ್ಯ ನಂಗೆ’ ಅಂದಳು.

ಗೈಡ್ ಬರವಣಿಗೆ ಓದಿ ಕುರ್ಚಿಯಿಂದ ಎದ್ದೇ ನಿಂತರು. ‘ಇದು ಕಣಮ್ಮ ಥೀಸಿಸ್ಸು! ಪರಿಣತಿ ಒಬ್ಬಳ ಮೂಗಿನಲ್ಲಿಲ್ಲ, ಇಬ್ಬರ ನಡುವೆ ಇದೆ!’ ಅಂದರು. ಪಕ್ಕದಲ್ಲಿ ಇನ್ನೊಬ್ಬ ವಿದ್ಯಾರ್ಥಿನಿ ಪ್ರಶ್ನಾವಳಿಯ ಕಟ್ಟು ಹಿಡಿದು ನಿಂತಿದ್ದಳು. ಅವಳ ಕಡೆ ತಿರುಗಿ, ‘ನೀನೂ ಇದ್ದೀಯ, ಕಾಗದ ಹೊರೋಕೆ’ ಎಂದರು. ಅವಳ ಕಣ್ಣು ತುಂಬಿ ಬಂತು. ನನಗೆ ಒಳಗೊಳಗೇ ಸುಖವಾಯಿತು. ಸುಳ್ಳು ಯಾಕೆ ಹೇಳಲಿ.

ಇನ್ನೊಂದು ಹೆಜ್ಜೆ ಬಾಕಿ ಇತ್ತು. ಬರೆದದ್ದನ್ನು ಆ ಜನರಿಗೇ ತೋರಿಸಿ ಸರಿ ಇದೆಯೇ ಎಂದು ಕೇಳಬೇಕು. ಹಾಗೆ ಕೇಳಿದರೆ ಸಂಶೋಧನೆಗೆ ತೂಕ ಬರುತ್ತದೆ, ಪರೀಕ್ಷಕರು ಮೆಚ್ಚುತ್ತಾರೆ. ನಾನು ಕನ್ನಡದಲ್ಲಿ ಆರು ಪುಟದ ಸಾರಾಂಶ ಮಾಡಿಕೊಂಡು ಹೋದೆ. ಒಬ್ಬೊಬ್ಬರನ್ನೇ ಕರೆದು ಅವರವರ ಪಾಲಿನದ್ದನ್ನಷ್ಟೇ ತೋರಿಸಬೇಕಿತ್ತು. ಆದರೆ ನಮ್ಮ ಕಡೆಯಲ್ಲಿ ಮನೆ ಯಜಮಾನರಿಗೆ ಮೊದಲು ಕೊಡದೆ ಕೆಲಸದವರಿಗೆ ಕೊಡುವುದು ಎಲ್ಲಾದರೂ ಉಂಟೇ? ನಾಲ್ಕು ತಿಂಗಳು ಅವರ ಮನೆಯ ಊಟ ಉಂಡಿದ್ದೇನೆ. ಅವರ ಕೈಗೇ ಕೊಡಲು ಹೋದೆ.

‘ಎಂತ ತಂಗಿ, ಬರ್ದು ಆತಾ? ಯಂಗೊಬ್ಬಂಗೇ ಎಂತಕ್ಕೆ, ಎಲ್ಲರೆದುರಿಗೇ ಓದು. ಅವ್ಕೂ ಗೊತ್ತಾಗ್ಲಿ’ ಅಂದರು ಯಜಮಾನರು. ಒಂಬತ್ತು ಜನರನ್ನೂ ಕರೆದು ಕೂರಿಸಿದರು. ಚಾ ತರಿಸಿದರು.

ನಾನು ಓದಿದೆ. ಹೆಸರಿಲ್ಲವಲ್ಲ ಎಂಬ ಧೈರ್ಯ. ‘ಹಿರಿಯ ಪರೀಕ್ಷಕಿಯೊಬ್ಬರು ಘ್ರಾಣಶಕ್ತಿ ಕಳೆದುಕೊಂಡಿದ್ದರೂ’ ಎಂಬ ಸಾಲು ಬಾಯಿಂದ ಹೊರಬಿದ್ದ ಮೇಲೆ ತಲೆ ಎತ್ತಿ ನೋಡಿದರೆ ಒಬ್ಬರೂ ಚಾ ಕುಡಿಯುತ್ತಿಲ್ಲ. ನನ್ನ ದಡ್ಡತನ ಹೊಳೆದದ್ದು ಆಗಲೇ. ನಮ್ಮಲ್ಲಿ ಯಾರು ಯಾರನ್ನು ಹೆಸರಿನಿಂದ ಗುರುತಿಸುತ್ತಾರೆ? ಕೆಳಗಿನಮನೆಯವಳು, ಕಿಟಕಿ ಮಣೆಯವಳು, ಬಸ್ಸಿಗೆ ಬರುವವಳು. ನಾನೂ ನಾಲ್ಕು ತಿಂಗಳು ಅಕ್ಕ ಅಂದೆನೇ ಹೊರತು ಹೆಸರು ಹಿಡಿದಿರಲಿಲ್ಲ. ಹೆಸರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದಿದ್ದೆ. ಹುಟ್ಟಿ ಬೆಳೆದ ಊರಿನ ರೀತಿ ಮರೆತು, ವಿಶ್ವವಿದ್ಯಾಲಯದ ಪುಸ್ತಕ ನಂಬಿದ್ದೆ.

ಯಜಮಾನರು ಸಿಟ್ಟು ಮಾಡಲಿಲ್ಲ. ನಕ್ಕರು. ‘ಎಂತದೇ, ಈಚೆ ಬಾ’ ಎಂದು ಅಕ್ಕನನ್ನು ನಡುವೆ ಕರೆದು ನಿಲ್ಲಿಸಿದರು. ಪಕ್ಕದ ಮಣೆಯವಳನ್ನು ಬಾಗಿಲ ಹತ್ತಿರ ಕಳಿಸಿದರು. ಕಣ್ಣು ಮುಚ್ಚು, ಕೈ ಹಿಂದಕ್ಕೆ ಕಟ್ಟು ಅಂದರು. ಅಕ್ಕ ಶಾಲೆಯ ಹುಡುಗಿಯ ಹಾಗೆ ಕೈ ಕಟ್ಟಿದಳು. ಅವರು ನಿಧಾನಕ್ಕೆ ನಡೆದು ಮೂಲೆಯ ಕೊಳೆ ಬಕೆಟ್ಟಿಗೆ ಹೋದರು. ವಾರದಿಂದ ಅಲ್ಲೇ ಬಿದ್ದು ನೀರಾಗಿದ್ದ ಮಿಡಿಯೊಂದನ್ನು ಚಮಚದಲ್ಲಿ ಎತ್ತಿ ತಂದರು. ಆ ನಾತಕ್ಕೆ ಮುಂದಿನ ಸಾಲಿನವರು ಸೆರಗು ಮೂಗಿಗೆ ಒತ್ತಿಕೊಂಡರು. ಅದನ್ನು ಅವಳ ಮೂಗಿನ ಬುಡಕ್ಕೆ ಹಿಡಿದು ‘ಹೇಳು’ ಅಂದರು.

ಅಕ್ಕ ಉಸಿರು ಎಳೆದುಕೊಂಡಳು. ಅವಳ ಬಲ ಮೊಣಕಾಲು ಪಕ್ಕಕ್ಕೆ ಸ್ವಲ್ಪ ಸರಿಯಿತು, ಅಲ್ಲಿ ಯಾರೂ ಇರಲಿಲ್ಲ.

‘ಜೀರಿಗೆ’ ಅಂದಳು. ‘ಒಳ್ಳೆ ಮಿಡಿ, ಒಡೇರೇ.’

ಮೊದಲು ನಕ್ಕಿದ್ದು ಎಲ್ಲರಿಗಿಂತ ಕಿರಿಯವಳು. ಆಮೇಲೆ ತಡೆಯಲಾರದೆ ಉಳಿದವರೂ ನಕ್ಕರು, ಅವಳ ಕೈಯ ಊಟದ ಬುತ್ತಿ ಹಂಚಿಕೊಂಡು ತಿಂದವರೇ. ಅಕ್ಕ ಕಣ್ಣು ಬಿಟ್ಟು ಚಮಚ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಯಜಮಾನರು ಅವಳನ್ನೂ ಪಕ್ಕದ ಮಣೆಯವಳನ್ನೂ ಕೆಲಸ ಬಿಡಿಸಿ ಮಧ್ಯಾಹ್ನದ ಬಸ್ಸಿಗೇ ಕಳಿಸಿದರು. ಎರಡು ವರ್ಷ ಒಂದೇ ಒಂದು ಪೀಪಾಯಿ ಕೆಟ್ಟಿರಲಿಲ್ಲ ಎಂಬುದನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅದು ನನ್ನ ಮೂರನೆಯ ಪುಟದಲ್ಲೇ ಇತ್ತು. ನಾನೂ ಹೇಳಲಿಲ್ಲ.

ಡಿಗ್ರಿ ಬಂತು. ಆ ಅಧ್ಯಾಯವನ್ನು ಪರೀಕ್ಷಕರು ಬಾಯ್ತುಂಬ ಹೊಗಳಿದರು. ಈಗ ಯಲ್ಲಾಪುರದಲ್ಲಿ ಹುಡುಗರಿಗೆ ಇದೇ ವಿಷಯ ಪಾಠ ಮಾಡುತ್ತೇನೆ, ಹತ್ತರವರೆಗೆ ಎಣಿಸಿ ಎಂದು ನಾನೂ ಕಲಿಸುತ್ತೇನೆ. ಹೋದ ವರ್ಷ ಒಂದು ಭಾನುವಾರ ಮನಸ್ಸು ತಡೆಯದೆ, ಒಂದು ಡಜನ್ ಬಾಳೆಹಣ್ಣು ಹಿಡಿದು ಕೋಲಸಿರ್ಸಿಗೆ ಹೋದೆ. ಅಕ್ಕ ಜಗಲಿಯಲ್ಲಿ ಅಕ್ಕಪಕ್ಕದ ನಾಲ್ಕು ಹೆಂಗಸರ ಜೊತೆ ಮೆಣಸಿನಕಾಯಿ ತೊಟ್ಟು ತೆಗೆಯುತ್ತಿದ್ದಳು. ಎಲ್ಲರೂ ಕೆಮ್ಮುತ್ತಿದ್ದರು. ಅವಳ ಕೂದಲು ಪೂರ್ತಿ ನೆರೆತಿತ್ತು.

‘ಬನ್ನಿ ಮೇಡಮ್’ ಅಂದಳು.

ತಂಗಿ ಅನ್ನಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತು, ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನೆಲ್ಲ ಹೇಳಿದೆ. ತಪ್ಪಾಯಿತು ಅಕ್ಕ, ಹಾಗಾಗುತ್ತದೆ ಅಂತ ಗೊತ್ತಿರಲಿಲ್ಲ, ಕ್ಷಮಿಸಿ ಎಂದೆ. ಅವಳು ಒಂದು ಮೆಣಸಿನಕಾಯಿಯ ತೊಟ್ಟು ಮುರಿದು ಬುಟ್ಟಿಗೆ ಹಾಕಿದಳು.

‘ನಾ ಅಲ್ಲಿ ಕಣ್ಣು ಮುಚ್ಚಿ ನಿಂತಿದ್ನಲ ಮೇಡಮ್,’ ಅಂದಳು. ಆಮೇಲೆ ನನ್ನದೇ ದನಿಯಲ್ಲಿ, ನನ್ನದೇ ಪುಸ್ತಕದ ಕನ್ನಡದಲ್ಲಿ, ಮೆತ್ತಗೆ, ‘ಆಗ ನಿಮಗೆ ಏನನ್ನಿಸಿತು?’

ಹೆಂಗಸರ ಕೈ ನಿಂತವು. ಅಕ್ಕ ಮತ್ತೆ ಮಾತಾಡಲಿಲ್ಲ, ನನ್ನ ಮುಖವನ್ನೇ ನೋಡುತ್ತಾ ಕೂತಳು. ಬೇಜಾರಾಯಿತು ಅನ್ನಬಹುದಿತ್ತು. ಗಾಬರಿಯಾಯಿತು ಅನ್ನಬಹುದಿತ್ತು. ಆದರೆ ಯಜಮಾನರು ಕೊಳೆ ಬಕೆಟ್ಟಿನ ಕಡೆ ಹೆಜ್ಜೆ ಇಟ್ಟಾಗಲೇ ಅವರು ಏನು ಮಾಡಲು ಹೊರಟಿದ್ದಾರೆಂದು ನನಗೆ ಗೊತ್ತಾಗಿತ್ತು. ‘ಬೇಡ’ ಅನ್ನಲು ಬೇಕಾದಷ್ಟು ಹೊತ್ತಿತ್ತು. ನಾನು ಗಡಿಯಾರ ನೋಡಿ, ಡೈರಿಯ ಹೊಸ ಪುಟ ತೆರೆದು, ಸಮಯ ಬರೆದಿದ್ದೆ. ನನ್ನ ಅಧ್ಯಾಯಕ್ಕೆ ಕೊನೆ ಎಂಬುದು ಇರಲಿಲ್ಲ, ಗೈಡ್ ಎರಡು ಸಲ ಹೇಳಿದ್ದರು. ಈಗ ಸಿಕ್ಕಿತು ಎಂದು ಸಮಯದ ಕೆಳಗೆ ಗೆರೆ ಎಳೆದಿದ್ದೆ.

ಎಂಟಕ್ಕೆ ನನಗೆ ತಡೆಯಲಾಗಲಿಲ್ಲ.

‘ಖುಷಿಯಾಯ್ತು ಅಕ್ಕ’ ಅಂದೆ.

ಅವಳು ತಲೆಯಾಡಿಸಿದಳು. ಇನ್ನೊಂದು ಮೆಣಸಿನಕಾಯಿ ಎತ್ತಿಕೊಂಡಳು.

‘ಸ್ವಲ್ಪ ಬಿಡಿಸಿ ಹೇಳಿ’ ಅಂದಳು.