ಅಕ್ಕೋರ ಕಂಪ್ಯೂಟರಿನ ಆರು ಪಿನ್ನುಗಳು

ಬೆರಳು ಸ್ವಿಚ್ ಮೇಲಿತ್ತು. ಒತ್ತುವುದೊಂದೇ ಬಾಕಿ. ಆದರೆ ಧೈರ್ಯ ಬರುತ್ತಿಲ್ಲ...

ಎದುರಿಗೆ ಸ್ಟೂಲ್ ಮೇಲೆ ನಮ್ಮ ಅಕ್ಕೋರು ಕುಳಿತಿದ್ದಾರೆ. ಆಡೂರಿನವರು, ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು. ರಿಟೈರ್ ಆದ ಮೇಲೆ ಹೊಲ, ಗುಡಿ, ಕೆರೆ ದಂಡೆ ಅಂತ ತಿರುಗಿ ಕಲ್ಲಿನ ಮೇಲಿನ ಶಾಸನ ಓದಿ ಬರೆದಿಡುವುದೇ ಅವರ ಕೆಲಸ.

ಹನ್ನೊಂದು ವರ್ಷದ ಆ ಓದೆಲ್ಲ ಈ ಕಂಪ್ಯೂಟರಿನಲ್ಲಿದೆ. ಇದೊಂದರಲ್ಲೇ ಇದೆ.

ಆಗಿದ್ದಿಷ್ಟು. ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಯಂದು, ಅಕ್ಕೋರು ಕಂಪ್ಯೂಟರಿಗೂ ಪೂಜೆ ಮಾಡಿದರು. ಅರಿಷಿಣ, ಕುಂಕುಮ, ಹೂವು... ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು.

ಟ್ರ್ಯಾಕ್ಟರಿಗೆ ಒಡೆಯುವ ಹಾಗೆ ಇದಕ್ಕೂ ತೆಂಗಿನಕಾಯಿ ಒಡೆದು, ಭಕ್ತಿಯಿಂದ ನೀರನ್ನು ಅದರ ಮೇಲೇ ಸುರಿದಿದ್ದಾರೆ. ನೀರು ನೇರ ಕರೆಂಟ್ ಕೊಡುವ ಡಬ್ಬಿ, ಅಂದರೆ ಪವರ್ ಸಪ್ಲೈ ಒಳಗೆ ಇಳಿದಿದೆ. ಮರುದಿನ ಬನ್ನಿ ಕೊಟ್ಟು ಬಂದು ಸ್ವಿಚ್ ಹಾಕಿದರೆ ಚಟ್ ಅಂತ ಶಬ್ದ, ಸುಟ್ಟ ವಾಸನೆ.

ಸಪ್ಲೈ ತಾನೇ, ಹೊಸದು ಹಾಕಿದರಾಯಿತು ಅಂತ ಹಾನಗಲ್ಲಿನ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ತರಿಸಿಕೊಂಡೆ. ಬಿಚ್ಚಿ ನೋಡಿದೆ. ಇದು ಕಂಪನಿಯವರು ತಮಗೆ ಬೇಕಾದ ಹಾಗೆ ಮಾಡಿಕೊಂಡ ಮದರ್‌ಬೋರ್ಡ್. ಎಲ್ಲ ಕಡೆ ಸಿಗುವ ಸಪ್ಲೈಗೆ ಇಪ್ಪತ್ತನಾಲ್ಕು ಪಿನ್ನು, ಇದಕ್ಕೆ ಆರೇ ಆರು. ಆ ಮಾಡೆಲ್ಲಿನ ಸಪ್ಲೈ ಹುಬ್ಬಳ್ಳಿಯಲ್ಲೂ ಸಿಗಲಿಲ್ಲ.

ಡಿಸ್ಕ್ ತೆಗೆದು ಬೇರೆ ಕಂಪ್ಯೂಟರಿಗೆ ಹಾಕಬಾರದೇ ಅಂತೀರಿ. ಹಾಕಿದೆ. ಕೀ ಕೇಳಿತು.

ಕಳ್ಳತನವಾದರೂ ಯಾರೂ ತೆರೆಯಬಾರದು ಅಂತ ಡಿಸ್ಕಿಗೆ ಲಾಕ್ ಹಾಕಿಕೊಟ್ಟವಳು ನಾನೇ. ಈ ಬೋರ್ಡ್ ಜೊತೆಗಿದ್ದರೆ ತಾನಾಗಿ ತೆರೆಯುತ್ತದೆ, ಇಲ್ಲದಿದ್ದರೆ ಉದ್ದನೆಯ ಅಂಕಿಗಳ ಕೀ ಬೇಕು. ಆ ಕೀಯನ್ನು ಅಕ್ಕೋರು ತಮ್ಮ ಶಾಸನದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದರು.

ಆ ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕಿಸಿದವಳೂ ನಾನೇ. ಎಲ್ಲ ಟೈಪ್ ಆಯಿತಲ್ಲ, ಇನ್ನು ಯಾಕೆ ಗೆದ್ದಲು ಸಾಕುತ್ತೀರಿ ಅಂತ ದೊಡ್ಡ ಬುದ್ಧಿವಂತಳ ಹಾಗೆ ಹೇಳಿದ್ದೆ. ನನ್ನ ಬಾಯಿಗೆ ಬೀಗ ಹಾಕಬೇಕಿತ್ತು.

ಅಂದರೆ ಈ ಬೋರ್ಡ್ ಸುಟ್ಟರೆ ಎಲ್ಲ ಹೋಯಿತು. ಕೆಲವು ಕಲ್ಲುಗಳು ಈಗ ಇದ್ದಲ್ಲಿ ಇಲ್ಲ. ಮತ್ತೆ ಓದುತ್ತೇನೆ ಅಂದರೂ ಆಗದು.

ಇಪ್ಪತ್ತನಾಲ್ಕನ್ನು ಆರಕ್ಕೆ ಇಳಿಸುವ ಕನೆಕ್ಟರ್ ಆನ್‌ಲೈನ್‌ನಲ್ಲಿ ತರಿಸಿದೆ. ಇವತ್ತು ಬಂತು. ಮಾಮೂಲಿ ಸಪ್ಲೈ ಒಂದಕ್ಕೆ ಜೋಡಿಸಿ ಬೋರ್ಡಿಗೆ ಹಾಕಿದೆ, ಟಕ್ ಅಂತ ಕೂತಿತು. ಅಕ್ಕೋರನ್ನೂ ಕರೆಸಿದೆ. ಈಗ ಬೆರಳು ಸ್ವಿಚ್ ಮೇಲೆ...

ಅಕ್ಕೋರು ಮೆಲ್ಲಗೆ ಕೇಳಿದರು. "ಸುಮಾ, ಎಲ್ಲಾ ಓದಿ ನೋಡೀಯೇನು, ಇಲ್ಲಾ ಅಂದಾಜಿಲೇ ಹಚ್ಚೀಯೋ?"

ಶಾಲೆಯಲ್ಲೂ ಇದೇ ಮಾತು. ಕಲ್ಲಿನ ಮೇಲೆ ಅಕ್ಷರ ಸವೆದಿದ್ದರೆ ಅವರು ಕಣ್ಣನ್ನು ನಂಬುವುದಿಲ್ಲ, ಬೆರಳಾಡಿಸಿ ಒಂದೊಂದೇ ಓದುತ್ತಾರೆ. ತಿಳಿಯದಿದ್ದರೆ ಆ ಜಾಗ ಖಾಲಿ ಬಿಡುತ್ತಾರೆ, ಊಹೆ ಮಾಡಿ ತುಂಬುವುದಿಲ್ಲ.

ನಾನು ಓದಿರಲಿಲ್ಲ. ಕೂತಿತಲ್ಲ ಅಂತ ನಂಬಿದ್ದೆ, ಅಷ್ಟೇ.

ನಾಚಿಕೆಯಾಯಿತು. ಕನೆಕ್ಟರನ್ನು ಬೋರ್ಡಿನಿಂದ ಕಿತ್ತು ದೂರ ಇಟ್ಟೆ. ಸಪ್ಲೈ ಚಾಲೂ ಮಾಡಿ, ಮೀಟರ್ ಹಿಡಿದು ಒಂದೊಂದೇ ಪಿನ್ನು ಅಳೆದೆ. ಸುಟ್ಟ ಸಪ್ಲೈಗೆ ಅಂಟಿಸಿದ್ದ ಚೀಟಿಯಲ್ಲಿ ಯಾವ ಪಿನ್ನಿಗೆ ಏನು ಅಂತ ಬರೆದಿತ್ತು, ಅದರ ಜೊತೆ ಹೋಲಿಸುತ್ತ ಹೋದೆ.

ಬರೀ ಸಿಗ್ನಲ್ ಹೋಗಬೇಕಾದ ಪಿನ್ನಿನಲ್ಲಿ ಹನ್ನೆರಡು ವೋಲ್ಟ್!

ಆಕಾರ ಅದೇ, ವೈರಿನ ಜೋಡಣೆ ಬೇರೆ ಮಾಡೆಲ್ಲಿನದು. ಒತ್ತಿದ್ದರೆ ಬೋರ್ಡ್ ಅಲ್ಲೇ ಬೂದಿ. ಒಂದು ಲೋಟ ನೀರು ಕುಡಿದು ಕುಳಿತೆ.

ಆಮೇಲೆ ಸಪ್ಲೈ ಬಂದ್ ಮಾಡಿ, ಸೂಜಿಯಿಂದ ಪಿನ್ನು ಬಿಡಿಸಿ, ಜಾಗ ಬದಲಿಸಿ, ಮತ್ತೆ ಅಳೆದೆ. ಈ ಸಲ ನಾನು ಅಳೆದು ಹೇಳಿದ್ದನ್ನು ಅಕ್ಕೋರು ಕನ್ನಡಕ ಏರಿಸಿ ಚೀಟಿ ನೋಡಿ ತಾಳೆ ಮಾಡಿದರು. ಮೂರು ಸಲ.

ಒತ್ತಿದೆ.

ಫ್ಯಾನ್ ತಿರುಗಿತು. ಪರದೆ ಕಪ್ಪು... ಇನ್ನೂ ಕಪ್ಪು... ಅಕ್ಕೋರು ನನ್ನ ಮೊಣಕೈ ಹಿಡಿದಿದ್ದಾರೆ.

ಆಮೇಲೆ ಕೀ ಕೇಳದೇ ತೆರೆದುಕೊಂಡಿತು. ಶಾಸನದ ಫೋಲ್ಡರ್ ಅಲ್ಲೇ ಇತ್ತು. ಅತ್ತೇಬಿಟ್ಟೆ ನೋಡ್ರಿ.

ಎಲ್ಲವನ್ನೂ ಎರಡು ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ. ಲಾಕಿನ ಕೀ ಪ್ರಿಂಟ್ ತೆಗೆದು ಅವರ ಕೈಗಿಟ್ಟೆ. ಇನ್ನು ಚಿಂತೆ ಬೇಡ ಅಂದೆ, ಮತ್ತೆ ಅದೇ ಬುದ್ಧಿವಂತಳ ದನಿಯಲ್ಲಿ.

ಅಕ್ಕೋರು ಪೆನ್‌ಡ್ರೈವ್ ಚೀಲಕ್ಕೆ ಹಾಕಿಕೊಂಡರು. ಪಕ್ಕದ ಅಂಗಡಿಗೆ ಹೋಗಿ ಒಂದು ದಪ್ಪ ನೋಟ್‌ಬುಕ್ ತಂದು, ಸ್ಟೂಲ್ ಎಳೆದುಕೊಂಡು, ಪರದೆ ನೋಡುತ್ತ ಮೊದಲನೆಯ ಶಾಸನ ಬರೆದುಕೊಳ್ಳತೊಡಗಿದರು.

"ನಿನ್ನ ಮ್ಯಾಲ ನಂಬಿಕಿ ಐತವಾ," ಅಂದರು, ತಲೆ ಎತ್ತದೆ. "ಆದ್ರ ಈ ಸಲ ರದ್ದಿಗೆ ಹಾಕ್ರಿ ಅನಬ್ಯಾಡ."

ನಿಮ್ಮ ಮನೆಯಲ್ಲಿ ಒಂದೇ ಒಂದು ಕಡೆ ಉಳಿದಿರುವುದು ಏನು?